ಕಡಿಮೆ ದುಡ್ಡಿನ ಭಯ: ಮಾಟಗಾತಿ, ರಕ್ತಪಿಶಾಚಿ ಸಿನಿಮಾಗಳಲ್ಲಿ ಏನಿದೆ?

ಪ್ರಶ್ನೆ: ಗೆಳೆಯನೊಬ್ಬ ಒತ್ತಾಯ ಮಾಡಿದ ಅಂತ ಹಳೆಯ, ಕಡಿಮೆ ಬಜೆಟ್ಟಿನ ಎರಡು ಹಾರರ್ ಸಿನಿಮಾ ನೋಡಿದೆ. ಒಂದು ಮಾಟಗಾತಿಯ ಕಥೆ, ಇನ್ನೊಂದು ರಕ್ತಪಿಶಾಚಿಯದು. ಬಾವಲಿಗೆ ಕಟ್ಟಿದ ದಾರ ಕಾಣುತ್ತಿತ್ತು. ಬಾಗಿಲು ಹಾಕಿದರೆ ಗೋಡೆಯೇ ಅಲುಗುತ್ತಿತ್ತು. ನಕ್ಕು ಮಲಗಿದೆ. ಆದರೆ ಅದರಲ್ಲಿದ್ದ ಒಬ್ಬ ಹೆಂಗಸಿನ ಮುಖ ಎರಡು ದಿನ ಕಣ್ಣ ಮುಂದಿನಿಂದ ಹೋಗಲಿಲ್ಲ. ಇವನ್ನು ‘ಕಲ್ಟ್’ ಅಂತ ಯಾಕೆ ಕರೆಯುತ್ತಾರೆ? ದುಡ್ಡಿಲ್ಲದೆ ಹೆದರಿಸುವುದು ಹೇಗೆ? ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ಆ ಎರಡು ದಿನದ ಮಾತು. ದಾರ ಕಂಡಿತು, ಗೋಡೆ ಅಲುಗಿತು, ನೀವು ನಕ್ಕಿರಿ. ಆದರೂ ಮುಖ ಉಳಿಯಿತು ಅಲ್ವಾ? ಕೈಯಲ್ಲಿ ಕಾಸಿಲ್ಲದ ನಿರ್ದೇಶಕನಿಗೆ ಎಲ್ಲವನ್ನೂ ಚೆನ್ನಾಗಿ ತೋರಿಸಲು ಆಗುವುದಿಲ್ಲ. ಯಾವುದೋ ಒಂದನ್ನು ಆರಿಸಿಕೊಳ್ಳಲೇಬೇಕು. ಅದು ಒಂದು ಮುಖ ಇರಬಹುದು, ಒಂದು ಬೆಳಕು ಇರಬಹುದು, ಒಂದು ಸದ್ದು ಇರಬಹುದು. ಇದ್ದಬದ್ದ ದುಡ್ಡು, ಬುದ್ಧಿ, ಹಠ ಎಲ್ಲವನ್ನೂ ಅದರ ಮೇಲೆ ಸುರಿಯುತ್ತಾನೆ. ಉಳಿದದ್ದು ಸೊರಗುತ್ತದೆ. ಆ ಒಂದು ಯಾವುದು ಅಂತ ಹುಡುಕಿಕೊಂಡು ನೋಡಿ. ಆಮೇಲೆ ದಾರ ಕಂಡರೂ ನಿಮಗೆ ಅಡ್ಡಿಯಾಗುವುದಿಲ್ಲ.

ದುಡ್ಡಿಲ್ಲದವರು ಮಾಟಗಾತಿ, ರಕ್ತಪಿಶಾಚಿಗಳನ್ನೇ ಯಾಕೆ ಹಿಡಿದುಕೊಂಡರು? ಇಬ್ಬರೂ ಮನುಷ್ಯರ ರೂಪದಲ್ಲೇ ಇರುತ್ತಾರೆ, ಅದಕ್ಕೆ. ದೈತ್ಯ ಪ್ರಾಣಿ ಬೇಕು ಅಂದರೆ ಗೊಂಬೆ ಮಾಡಿಸಬೇಕು, ಅದನ್ನು ಆಡಿಸುವವರು ಬೇಕು, ತಿಂಗಳುಗಟ್ಟಲೆ ಸಮಯ ಬೇಕು. ರಕ್ತಪಿಶಾಚಿಗೆ ಒಬ್ಬ ಒಳ್ಳೆ ನಟ, ಒಂದು ಕಪ್ಪು ನಿಲುವಂಗಿ, ಒಂದು ಜೊತೆ ಕೋರೆಹಲ್ಲು ಸಾಕು. ಮಾಟಗಾತಿಗೆ ಅಷ್ಟೂ ಬೇಡ. ಸುಮ್ನೆ ನಿಂತು ನೋಡಿದರೂ ಆಗುತ್ತದೆ. ಜೊತೆಗೆ ಈ ಕಥೆಗಳು ಜನರಿಗೆ ಮೊದಲೇ ಗೊತ್ತು. ಶಿಲುಬೆ ಕಂಡರೆ ಹಿಂದೆ ಸರಿಯುತ್ತಾನೆ, ಕನ್ನಡಿಯಲ್ಲಿ ಕಾಣುವುದಿಲ್ಲ ಅನ್ನುವುದನ್ನೆಲ್ಲ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಹೀಗೆ ಎಲ್ಲರಿಗೂ ಗೊತ್ತಿರುವ ಒಂದು ನಿಯಮ ಹುಟ್ಟಿದ್ದೇ ಒಂದು ಬಡಪಾಯಿ ಸಿನಿಮಾದಲ್ಲಿ. 1897ರ ‘ಡ್ರಾಕುಲಾ’ ಕಾದಂಬರಿಯಲ್ಲಿ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ. ಬಿಸಿಲಿಗೆ ಅವನು ಸಾಯುವುದಿಲ್ಲ. 1922ರಲ್ಲಿ ಜರ್ಮನಿಯ ಪ್ರಾನಾ ಫಿಲ್ಮ್ ಎಂಬ ಪುಟ್ಟ ಕಂಪನಿ ಆ ಕಥೆಯನ್ನು ಹಕ್ಕು ಕೊಳ್ಳದೆಯೇ ‘ನೊಸ್ಫೆರಾಟು’ ಅಂತ ಸಿನಿಮಾ ಮಾಡಿತು. ನಿರ್ದೇಶಕ ಮುರ್ನೌ. ಹೆಸರುಗಳನ್ನು ಬದಲಾಯಿಸಿದರು, ಡ್ರಾಕುಲಾ ಹೋಗಿ ಓರ್ಲಾಕ್ ಆದ. ಕೊನೆಯಲ್ಲಿ ಬೆಳಗಿನ ಬಿಸಿಲು ಕಿಟಕಿಯಿಂದ ಒಳಗೆ ಬರುತ್ತದೆ, ಓರ್ಲಾಕ್ ಕರಗಿ ಹೋಗುತ್ತಾನೆ. ಬಿಸಿಲಿಗೆ ಸಾಯುವ ರಕ್ತಪಿಶಾಚಿ ಹುಟ್ಟಿದ್ದು ಅಲ್ಲಿ. ಕಾದಂಬರಿಕಾರನ ಹೆಂಡತಿ ಫ್ಲಾರೆನ್ಸ್ ಸ್ಟೋಕರ್ ಕೋರ್ಟಿಗೆ ಹೋದರು. ಕಂಪನಿ ದಿವಾಳಿಯಾಯಿತು. 1925ರಲ್ಲಿ ಎಲ್ಲ ಪ್ರಿಂಟುಗಳನ್ನೂ ನಾಶ ಮಾಡಿ ಅಂತ ಆದೇಶ ಬಂತು. ಅಷ್ಟರಲ್ಲಿ ಕೆಲವು ಪ್ರಿಂಟುಗಳು ಬೇರೆ ದೇಶಗಳಿಗೆ ಹೋಗಿದ್ದವು. ಇವತ್ತು ನಾವು ನೋಡುವುದು ಹಾಗೆ ತಪ್ಪಿಸಿಕೊಂಡ ಪ್ರಿಂಟುಗಳಿಂದ ಉಳಿದ ಸಿನಿಮಾ.

ನಿಮ್ಮ ‘ಕಲ್ಟ್’ ಪ್ರಶ್ನೆಗೂ ಇಲ್ಲೇ ಅರ್ಧ ಉತ್ತರ ಇದೆ. ತೆರೆಗೆ ಬಂದಾಗ ಸೋತ, ಬೈಸಿಕೊಂಡ, ಕತ್ತರಿ ಹಾಕಿಸಿಕೊಂಡ ಸಿನಿಮಾವನ್ನು ಒಂದಷ್ಟು ಜನ ಕೈಬಿಡದೆ ಹಿಡಿದುಕೊಳ್ಳುತ್ತಾರೆ. ಮತ್ತೆ ಮತ್ತೆ ನೋಡುತ್ತಾರೆ, ಇನ್ನೊಬ್ಬರಿಗೆ ತೋರಿಸುತ್ತಾರೆ. ಅಮೆರಿಕದಲ್ಲಿ 1950ರ ದಶಕದಲ್ಲಿ ಟಿವಿ ಚಾನೆಲ್‌ಗಳು ತಡರಾತ್ರಿಯ ಖಾಲಿ ಹೊತ್ತು ತುಂಬಿಸಲು ಹಳೆಯ ಹಾರರ್ ಸಿನಿಮಾ ಹಾಕುತ್ತಿದ್ದವು. 1954ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಮೈಲಾ ನುರ್ಮಿ ಎಂಬ ನಟಿ ಕಪ್ಪು ಉಡುಪು ಹಾಕಿಕೊಂಡು, ‘ವ್ಯಾಂಪೈರಾ’ ಎಂಬ ಹೆಸರಲ್ಲಿ ಅವನ್ನು ಪರಿಚಯಿಸುತ್ತಿದ್ದರು. 1970ರ ಹೊತ್ತಿಗೆ ನ್ಯೂಯಾರ್ಕಿನ ಎಲ್ಜಿನ್ ಥಿಯೇಟರ್‌ನಲ್ಲಿ ಮಧ್ಯರಾತ್ರಿಯ ಶೋಗಳು ಜನ ಸೆಳೆದವು. ಆಮೇಲೆ ವಿಡಿಯೊ ಕ್ಯಾಸೆಟ್ ಬಂತು. ಕಲ್ಟ್ ಅನ್ನುವುದು ಸಿನಿಮಾದ ಜಾತಿಯಲ್ಲ. ಅದನ್ನು ಉಳಿಸಿಕೊಂಡ ನೋಡುಗರಿಂದ ಬಂದ ಹೆಸರು.

ಈಗ ಎರಡನೆಯ ಪ್ರಶ್ನೆ. ದುಡ್ಡಿಲ್ಲದೆ ಹೆದರಿಸುವುದು ಹೇಗೆ? ಇದಕ್ಕೆ ಒಂದು ಶಾಟನ್ನು ಹತ್ತಿರದಿಂದ ತೋರಿಸುತ್ತೇನೆ.

1957ರ ಇಟಾಲಿಯನ್ ಸಿನಿಮಾ ‘ಇ ವಾಂಪಿರಿ’. ನಿರ್ದೇಶಕ ರಿಕಾರ್ಡೊ ಫ್ರೆಡಾ ನಡುವೆಯೇ ಬಿಟ್ಟು ಹೋದರು. ಛಾಯಾಗ್ರಾಹಕ ಮಾರಿಯೊ ಬಾವಾ ಉಳಿದದ್ದನ್ನು ಮುಗಿಸಿದರು. ಅದರಲ್ಲಿ ಒಬ್ಬ ಸುಂದರಿ ಕ್ಯಾಮೆರಾ ಮುಂದೆ ನಿಂತಿರುತ್ತಾಳೆ. ಕಟ್ ಇಲ್ಲ, ಒಂದೇ ಶಾಟ್. ನೋಡನೋಡುತ್ತಲೇ ಅವಳ ಮುಖದಲ್ಲಿ ಸುಕ್ಕು ಮೂಡುತ್ತದೆ, ಕಣ್ಣಿನ ಕೆಳಗೆ ಕಪ್ಪಾಗುತ್ತದೆ, ಕೆನ್ನೆ ಇಳಿಯುತ್ತದೆ. ಅರೆಗಳಿಗೆಯಲ್ಲಿ ಮುದುಕಿಯಾಗುತ್ತಾಳೆ. ಕಂಪ್ಯೂಟರ್ ಇಲ್ಲದ ಕಾಲ ಅದು.

ಮಾಡಿದ್ದು ಇಷ್ಟು. ಸುಕ್ಕುಗಳನ್ನು ಶಾಟಿಗೆ ಮೊದಲೇ ಕೆಂಪು ಬಣ್ಣದಲ್ಲಿ ಬರೆದಿದ್ದರು. ಫಿಲ್ಮ್ ಕಪ್ಪು ಬಿಳುಪು. ಕೆಂಪು ಬೆಳಕು ಹಾಕಿದಾಗ ಕೆಂಪು ಗೆರೆಯೂ ಚರ್ಮವೂ ಒಂದೇ ಥರ ಹೊಳೆಯುತ್ತವೆ, ಗೆರೆ ಕಾಣುವುದಿಲ್ಲ. ಬೆಳಕನ್ನು ನಿಧಾನವಾಗಿ ಹಸಿರಿಗೆ ತಿರುಗಿಸಿದರೆ ಕೆಂಪು ಗೆರೆ ಹಸಿರು ಬೆಳಕನ್ನು ನುಂಗಿ ಕಪ್ಪಾಗುತ್ತದೆ. ಇದನ್ನು ನೀವೇ ಮಾಡಿ ನೋಡಬಹುದು. ಬಿಳಿ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಕೆಂಪು ಬಣ್ಣದ ಪಾರದರ್ಶಕ ಹಾಳೆಯ ಮೂಲಕ ನೋಡಿದರೆ ಗೆರೆ ಮಾಯ. ಹಸಿರು ಹಾಳೆಯ ಮೂಲಕ ನೋಡಿದರೆ ಕಡುಕಪ್ಪು. ಈ ಉಪಾಯ ಬಾವಾಗಿಂತ ಹಳೆಯದು, ಹಾಲಿವುಡ್ 1931ರಲ್ಲೇ ಬಳಸಿತ್ತು. ಆದರೆ ಬಾವಾಗೆ ಬೇಕಾಗಿದ್ದು ಒಂದಿಷ್ಟು ಬಣ್ಣ, ಎರಡು ಫಿಲ್ಟರ್, ಅಲುಗದೆ ನಿಲ್ಲುವ ನಟಿ. ಅಷ್ಟೇ.

ಅದೇ ಬಾವಾ 1960ರಲ್ಲಿ ‘ಲಾ ಮಾಸ್ಕೆರಾ ದೆಲ್ ದೆಮೊನಿಯೊ’ ಮಾಡಿದರು. ಇಂಗ್ಲಿಷಿನಲ್ಲಿ ಇದರ ಹೆಸರು ‘ಬ್ಲಾಕ್ ಸಂಡೇ’. ಇದರಲ್ಲಿ ಮಾಟಗಾತಿಯೇ ರಕ್ತಪಿಶಾಚಿ. ಶುರುವಿನಲ್ಲೇ ಆಸಾ ಎಂಬ ಮಾಟಗಾತಿಗೆ ಮರಣದಂಡನೆ. ಒಳಮೈ ತುಂಬ ಚೂಪು ಮೊಳೆಗಳಿರುವ ಲೋಹದ ಮುಖವಾಡವೊಂದನ್ನು ತರುತ್ತಾರೆ. ಕ್ಯಾಮೆರಾ ಅವಳ ಜಾಗದಲ್ಲಿರುತ್ತದೆ. ಮೊಳೆಗಳು ನಿಧಾನವಾಗಿ ನಮ್ಮ ಕಣ್ಣಿನ ಕಡೆಗೇ ಬರುತ್ತವೆ. ಆಮೇಲೆ ಒಂದು ದೊಡ್ಡ ಸುತ್ತಿಗೆ, ಒಂದೇ ಏಟು. ಇನ್ನೂ ಹತ್ತು ನಿಮಿಷ ಆಗಿರುವುದಿಲ್ಲ, ನೀವು ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತೀರಿ.

ಎರಡು ಶತಮಾನದ ನಂತರ ಆ ಮುಖವಾಡ ಕಳಚುತ್ತದೆ. ಮುಖದ ತುಂಬ ಮೊಳೆಯ ತೂತುಗಳು. ಹೆಣದ ಮೇಲೆ ಒಬ್ಬ ವೈದ್ಯನ ಗಾಯದ ರಕ್ತ ಬೀಳುತ್ತದೆ. ಖಾಲಿ ಕಣ್ಣಿನ ಗುಳಿಗಳು ತುಂಬಿಕೊಳ್ಳುತ್ತವೆ. ಆ ಪಾತ್ರದಲ್ಲಿ ಬಾರ್ಬರಾ ಸ್ಟೀಲ್, ಒಳ್ಳೆಯ ಹುಡುಗಿ ಕಾತ್ಯಾಳ ಪಾತ್ರದಲ್ಲೂ ಅವರೇ. ದೊಡ್ಡ ಕಣ್ಣು, ಎದ್ದು ಕಾಣುವ ಕೆನ್ನೆಯ ಎಲುಬು. ಬೆಳಕು ಕೆಳಗಿನಿಂದ ಬಿದ್ದರೆ ಭಯ ಆಗುತ್ತದೆ, ಪಕ್ಕದಿಂದ ಬಿದ್ದರೆ ಪಾಪ ಅನಿಸುತ್ತದೆ. ಬಾವಾ ಆರಿಸಿಕೊಂಡ ‘ಒಂದು’ ಆ ಮುಖ. ಬ್ರಿಟನ್‌ನಲ್ಲಿ ಈ ಸಿನಿಮಾ 1968ರವರೆಗೆ ಬಿಡುಗಡೆಯಾಗಲು ಬಿಡಲಿಲ್ಲ. ನಿಮ್ಮನ್ನು ಎರಡು ದಿನ ಕಾಡಿದ ಹೆಂಗಸು ಇವರೇ ಆಗಿದ್ದರೆ ನನಗೆ ಆಶ್ಚರ್ಯ ಇಲ್ಲ.

ಮಂಜಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಸೆಟ್ಟಿಗೆ ದುಡ್ಡಿಲ್ಲದಿದ್ದರೆ ಹೊಗೆಯೇ ಗೋಡೆ, ಹೊಗೆಯೇ ಕಾಡು. 1960ರ ಬ್ರಿಟಿಷ್ ಸಿನಿಮಾ ‘ದಿ ಸಿಟಿ ಆಫ್ ದಿ ಡೆಡ್’ ನಡೆಯುವುದು ಅಮೆರಿಕದ ಒಂದು ಹಳ್ಳಿಯಲ್ಲಿ. ಮಾಟಗಾತಿಯರ ಬಗ್ಗೆ ಓದಲು ಒಬ್ಬ ವಿದ್ಯಾರ್ಥಿನಿ ಅಲ್ಲಿಗೆ ಹೋಗುತ್ತಾಳೆ. ಚಿತ್ರೀಕರಣ ಆಗಿದ್ದು ಇಂಗ್ಲೆಂಡಿನ ಶೆಪರ್ಟನ್ ಸ್ಟುಡಿಯೊದ ಒಳಗೆ. ಹಳ್ಳಿ ಅಂದರೆ ನಾಲ್ಕು ಮನೆ, ಒಂದು ಸ್ಮಶಾನ. ಉಳಿದದ್ದೆಲ್ಲ ಮಂಜು. ಮಂಜು ನೆಲದಿಂದ ಮೊಣಕಾಲಿನವರೆಗೆ ತುಂಬಿಕೊಂಡಿರುತ್ತದೆ, ಹಳ್ಳಿಗರು ಅದರೊಳಗಿಂದ ಎದ್ದುಬಂದ ಹಾಗೆ ಕಾಣುತ್ತಾರೆ. ಕಥೆಯ ಅರ್ಧದಲ್ಲಿ ಒಂದು ಏಟು ಕಾದಿದೆ, ಅದನ್ನು ನಾನು ಹೇಳುವುದಿಲ್ಲ.

ಇದನ್ನು ನಾನು ಮೊದಲ ಸಲ ನೋಡಿದ್ದು ತೀರಾ ಕೆಟ್ಟ ಪ್ರಿಂಟಿನಲ್ಲಿ. ಮಂಜೂ ಮುಖವೂ ಒಂದೇ ಬೂದು ಮುದ್ದೆಯಾಗಿತ್ತು. ನನಗೂ ಏನೂ ಹಿಡಿಸಲಿಲ್ಲ. ವರ್ಷಗಳ ನಂತರ ಸರಿಯಾದ ಪ್ರಿಂಟ್ ನೋಡಿದಾಗ ಅದೇ ಸಿನಿಮಾನಾ ಅನಿಸಿತು. ಅಮೆರಿಕದಲ್ಲಿ ಇದನ್ನು ಸುಮಾರು ಎರಡು ನಿಮಿಷ ಕತ್ತರಿಸಿ ‘ಹಾರರ್ ಹೋಟೆಲ್’ ಅಂತ ಬಿಟ್ಟಿದ್ದರು. ಆ ಸಿನಿಮಾಗೆ ಅಲ್ಲಿ ಕಾಪಿರೈಟ್ ಉಳಿಯಲಿಲ್ಲ. ಹಾಗಾಗಿ ಯಾರು ಬೇಕಾದರೂ ಹಾಳು ಕಾಪಿ ಮಾರಬಹುದಾಯಿತು. ಈ ಥರದ ಎಷ್ಟೋ ಸಿನಿಮಾಗಳು ಕೆಟ್ಟವು ಅಂತ ಹೆಸರು ಪಡೆದದ್ದು ಕೆಟ್ಟ ಪ್ರಿಂಟುಗಳಿಂದ. ಕತ್ತಲಲ್ಲೇ ಕೆಲಸ ಮಾಡುವ ಸಿನಿಮಾದಲ್ಲಿ ಕತ್ತಲೇ ಸರಿಯಾಗಿ ಕಾಣದಿದ್ದರೆ ಇನ್ನೇನು ಉಳಿಯುತ್ತದೆ?

ಬ್ರಿಟನ್ನಿನ ಹ್ಯಾಮರ್ ಕಂಪನಿಯವರು ದುಡ್ಡು ಉಳಿಸುವುದರಲ್ಲಿ ಪಳಗಿದವರು. ಒಂದು ಸಿನಿಮಾಗೆ ಹಾಕಿದ ಸೆಟ್ಟಿನಲ್ಲೇ ಇನ್ನೊಂದನ್ನೂ ಮುಗಿಸುತ್ತಿದ್ದರು. 1958ರ ‘ಡ್ರಾಕುಲಾ’ದಲ್ಲಿ ಡ್ರಾಕುಲಾ ಆಗಿರುವ ಕ್ರಿಸ್ಟೋಫರ್ ಲೀ ಶುರುವಿನಲ್ಲಿ ಕೆಲವು ಮಾತು ಆಡುತ್ತಾರೆ, ಆಮೇಲೆ ಇಲ್ಲ. 1966ರ ‘ಡ್ರಾಕುಲಾ: ಪ್ರಿನ್ಸ್ ಆಫ್ ಡಾರ್ಕ್‌ನೆಸ್’ನಲ್ಲಿ ಒಂದೇ ಒಂದು ಮಾತೂ ಇಲ್ಲ. ಮೆಟ್ಟಿಲ ಮೇಲೆ ಸುಮ್ನೆ ನಿಂತಿರುತ್ತಾರೆ. ಅದೇ ಸಾಕಾಗುತ್ತದೆ.

ಡೆನ್ಮಾರ್ಕಿನ ನಿರ್ದೇಶಕ ಕಾರ್ಲ್ ಡ್ರೇಯರ್ ಇನ್ನೂ ಮುಂದೆ ಹೋದವರು. 1932ರ ‘ವಾಂಪೈರ್’ಗೆ ದುಡ್ಡು ಹಾಕಿದ ಶ್ರೀಮಂತ ನಿಕೊಲಾಸ್ ದ ಗುಂಜ್‌ಬರ್ಗ್ ಇಟ್ಟ ಷರತ್ತು ಏನು ಗೊತ್ತಾ? ನಾಯಕನ ಪಾತ್ರ ತನಗೇ ಬೇಕು. ಜೂಲಿಯನ್ ವೆಸ್ಟ್ ಅಂತ ಹೆಸರು ಬದಲಿಸಿಕೊಂಡು ನಟಿಸಿದರು. ನಟನೆ ಬರುತ್ತಿರಲಿಲ್ಲ. ಆದರೆ ಡ್ರೇಯರ್ ಅದನ್ನೇ ಬಳಸಿಕೊಂಡರು. ನಿದ್ದೆಯಲ್ಲಿ ನಡೆಯುವವನ ಹಾಗೆ ಆ ಮನುಷ್ಯ ಸಿನಿಮಾ ಪೂರ್ತಿ ಓಡಾಡುತ್ತಾನೆ. ಲೆನ್ಸಿನ ಮುಂದೆ ತೆಳು ಬಟ್ಟೆ ಹಿಡಿದು ಶೂಟ್ ಮಾಡಿದ್ದರಿಂದ ಇಡೀ ಲೋಕವೇ ಅರೆನಿದ್ದೆಯಲ್ಲಿ ಇರುವ ಹಾಗೆ ಕಾಣುತ್ತದೆ.

ಮಾಟಗಾತಿ ಸಿನಿಮಾಗಳ ಭಯ ಬೇರೆ ಥರದ್ದು. ರಕ್ತಪಿಶಾಚಿ ಹೊರಗಿನಿಂದ ಬರುತ್ತಾನೆ, ಬಾಗಿಲು ಹಾಕಿಕೊಳ್ಳಬಹುದು. ಮಾಟಗಾತಿ ಇರುವುದು ಊರೊಳಗೆ. ಅವಳು ಯಾರು ಅಂತ ಬೆರಳು ತೋರಿಸುವವರೂ ಊರವರೇ. ಹಾಗಾಗಿ ಈ ಬಗೆಯ ಒಳ್ಳೆಯ ಸಿನಿಮಾಗಳಲ್ಲಿ ನಮಗೆ ಜಾಸ್ತಿ ಹೆದರಿಕೆ ಆಗುವುದು ಬೆರಳು ತೋರಿಸುವವರನ್ನು ಕಂಡು.

1968ರ ‘ವಿಚ್‌ಫೈಂಡರ್ ಜನರಲ್’ ನನಗೆ ಇವೆಲ್ಲದರಲ್ಲಿ ತುಂಬ ಮುಖ್ಯವಾದ ಸಿನಿಮಾ. ಅದರಲ್ಲಿ ಮಾಟ ಇಲ್ಲ, ಮಾಟಗಾತಿಯೂ ಇಲ್ಲ. 1645ರ ಇಂಗ್ಲೆಂಡ್, ಅಂತರ್ಯುದ್ಧದ ಕಾಲ. ಮ್ಯಾಥ್ಯೂ ಹಾಪ್ಕಿನ್ಸ್ ನಿಜವಾಗಿ ಇದ್ದ ಮನುಷ್ಯ. ಊರೂರು ತಿರುಗಿ, ದುಡ್ಡು ತೆಗೆದುಕೊಂಡು ‘ಮಾಟಗಾತಿಯರನ್ನು’ ಹಿಡಿದು ಕೊಲ್ಲಿಸುತ್ತಿದ್ದ. ಆ ಪಾತ್ರದಲ್ಲಿ ವಿನ್ಸೆಂಟ್ ಪ್ರೈಸ್ ಇದ್ದಾರೆ. ಅವರದು ಯಾವಾಗಲೂ ಸ್ವಲ್ಪ ಅಬ್ಬರದ ನಟನೆ. ನಿರ್ದೇಶಕ ಮೈಕೆಲ್ ರೀವ್ಸ್‌ಗೆ ಆಗ ಇನ್ನೂ 24 ವರ್ಷ, ಅವರಿಗೆ ಆ ಅಬ್ಬರ ಬೇಡವಾಗಿತ್ತು. ಇಬ್ಬರಿಗೂ ಸರಿಹೋಗಲಿಲ್ಲ. ಆದರೆ ತೆರೆಯ ಮೇಲೆ ಪ್ರೈಸ್ ಎಷ್ಟು ತಣ್ಣಗಿದ್ದಾರೆ ಅಂದರೆ, ಹಾಪ್ಕಿನ್ಸ್ ಧ್ವನಿ ಎತ್ತದೆ ಕೊಲೆಗೆ ಆಜ್ಞೆ ಕೊಡುವಾಗ ಬೆನ್ನಲ್ಲಿ ಚಳಿ ಬರುತ್ತದೆ.

ಆ ಸಿನಿಮಾದಲ್ಲಿ ಮಂಜಿಲ್ಲ. ಹಸಿರು ಹೊಲ, ಬಿಸಿಲು, ಹಕ್ಕಿಗಳ ಸದ್ದು. ಅದರ ನಡುವೆ ಒಂದು ಮರಕ್ಕೆ ಹಗ್ಗ ಕಟ್ಟುತ್ತಾರೆ. ಊರವರು ಸುತ್ತ ನಿಂತು ನೋಡುತ್ತಾರೆ. ಯಾರೂ ಏನೂ ಮಾಡುವುದಿಲ್ಲ. ಸಿನಿಮಾ ಬಂದು ಒಂದು ವರ್ಷ ತುಂಬುವುದರೊಳಗೆ, 1969ರಲ್ಲಿ ರೀವ್ಸ್ ತೀರಿಕೊಂಡರು. 25 ವರ್ಷ. ಅವರು ಬದುಕಿದ್ದರೆ ಇನ್ನೇನು ಮಾಡುತ್ತಿದ್ದರು ಅಂತ ನಾನು ಈಗಲೂ ಯೋಚಿಸುತ್ತೇನೆ.

ಇದರ ಗೆಲುವು ನೋಡಿ ಬೇರೆಯವರೂ ಅದೇ ದಾರಿ ಹಿಡಿದರು. 1970ರ ‘ಮಾರ್ಕ್ ಆಫ್ ದಿ ಡೆವಿಲ್’ಗೆ ಅಮೆರಿಕದಲ್ಲಿ ಟಿಕೆಟ್ ಜೊತೆ ವಾಂತಿ ಚೀಲ ಹಂಚಿದರು. ಹಿಂಸೆ ಅದರಲ್ಲೂ ಇದೆ, ಇದರಲ್ಲೂ ಇದೆ. ಆದರೆ ಅದು ಹಿಂಸೆಯನ್ನು ಮಾರಿತು, ರೀವ್ಸ್ ಹಿಂಸೆಯನ್ನು ದ್ವೇಷಿಸಿದರು. ಕಡಿಮೆ ದುಡ್ಡಿನದ್ದೆಲ್ಲ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಈ ಗುಂಪಿನಲ್ಲಿ ಬೇಜಾರಿನವು, ಸೋಮಾರಿತನದವು, ಹೆಂಗಸರ ನೋವನ್ನೇ ಬಂಡವಾಳ ಮಾಡಿಕೊಂಡವು ಬೇಕಾದಷ್ಟಿವೆ. ಅವನ್ನು ಅರ್ಧಕ್ಕೆ ನಿಲ್ಲಿಸಿದರೆ ನೀವೇನೂ ಕಳೆದುಕೊಳ್ಳುವುದಿಲ್ಲ.

1970ರ ದಶಕದಲ್ಲಿ ರಕ್ತಪಿಶಾಚಿಯೂ ಕೋಟೆ ಬಿಟ್ಟು ಊರಿಗೆ ಬಂದ. ಜಾರ್ಜ್ ರೊಮೆರೊ ಅವರ ‘ಮಾರ್ಟಿನ್’ 1977ರದ್ದು. ಪೆನ್ಸಿಲ್ವೇನಿಯಾದ ಬ್ರಾಡಕ್ ಎಂಬ ಊರಲ್ಲಿ ತೆಗೆದದ್ದು. ಉಕ್ಕಿನ ಕೆಲಸ ಕಡಿಮೆಯಾಗಿ ಸೊರಗಿದ್ದ ಊರು. ಮಾರ್ಟಿನ್‌ಗೆ ಕೋರೆಹಲ್ಲಿಲ್ಲ. ಸೂಜಿ ಚುಚ್ಚಿ ಮಂಪರು ಬರಿಸಿ, ಬ್ಲೇಡಿನಿಂದ ಕೊಯ್ದು ರಕ್ತ ಕುಡಿಯುತ್ತಾನೆ. ಅವನು ನಿಜವಾಗಿ ರಕ್ತಪಿಶಾಚಿಯೋ, ಮನಸ್ಸು ಕೆಟ್ಟ ಹುಡುಗನೋ ಅನ್ನುವುದು ಕೊನೆಯವರೆಗೂ ಗೊತ್ತಾಗುವುದಿಲ್ಲ. ಮನೆಯ ಮುದುಕ ಬಾಗಿಲಿಗೆ ಬೆಳ್ಳುಳ್ಳಿ ಕಟ್ಟುತ್ತಾನೆ. ಹುಡುಗ ಅದನ್ನು ಕಚ್ಚಿ ತೋರಿಸುತ್ತಾನೆ. ರೊಮೆರೊ ತಮ್ಮ ಸಿನಿಮಾಗಳಲ್ಲಿ ಇದೇ ತಮಗೆ ಇಷ್ಟ ಅಂತ ಹೇಳುತ್ತಿದ್ದರು. ನನಗೂ ಅಷ್ಟೇ.

ಬಿಲ್ ಗನ್ ಅವರ 1973ರ ‘ಗಾಂಜಾ ಆ್ಯಂಡ್ ಹೆಸ್’ ಕಥೆ ಕೇಳಿದರೆ ಸಂಕಟ ಆಗುತ್ತದೆ. ಹಿಂದಿನ ವರ್ಷ ‘ಬ್ಲಾಕ್ಯುಲಾ’ ಗೆದ್ದಿತ್ತು. ಹಾಗಾಗಿ ನಿರ್ಮಾಪಕರಿಗೆ ಕಪ್ಪು ಜನರ ಇನ್ನೊಂದು ರಕ್ತಪಿಶಾಚಿ ಸಿನಿಮಾ ಬೇಕಿತ್ತು. ಗನ್ ಆ ದುಡ್ಡಿನಲ್ಲಿ ಚಟ, ಧರ್ಮ, ಪ್ರೀತಿಯ ಬಗ್ಗೆ ಒಂದು ಕನಸಿನಂಥ ಸಿನಿಮಾ ಮಾಡಿದರು. ಕಾನ್ ಚಿತ್ರೋತ್ಸವದ ವಿಮರ್ಶಕರ ವಿಭಾಗದಲ್ಲಿ ತೋರಿಸಿದರು. ಆದರೆ ಅಮೆರಿಕದಲ್ಲಿ ನಿರ್ಮಾಪಕರು ಅದನ್ನು ಇನ್ನೊಬ್ಬರಿಗೆ ಮಾರಿದರು. ಕೊಂಡವರು ಕತ್ತರಿಸಿ, ಬೇರೆ ಥರ ಜೋಡಿಸಿ, ‘ಬ್ಲಡ್ ಕಪಲ್’ ಅಂತ ಹೆಸರಿಟ್ಟು ಬಿಟ್ಟರು. ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿ ಗನ್ ಅವರ ಮೂಲ ರೂಪದ ಒಂದು ಪ್ರಿಂಟ್ ಇತ್ತು. ಅದು ಇದ್ದದ್ದರಿಂದ ಸಿನಿಮಾ ಉಳಿಯಿತು.

ಫ್ರಾನ್ಸಿನ ಝಾನ್ ರೋಲಾನ್ ಹೆಸರನ್ನೂ ಕೇಳಿರುತ್ತೀರಿ. ಅವರ ಮೊದಲ ರಕ್ತಪಿಶಾಚಿ ಸಿನಿಮಾ ಪ್ಯಾರಿಸ್ಸಿನಲ್ಲಿ ಬಂದದ್ದು 1968ರ ಮೇ ತಿಂಗಳಲ್ಲಿ, ಮುಷ್ಕರ, ಗಲಾಟೆಗಳ ನಡುವೆ. ನೋಡಿದವರು ಕೂಗಾಡಿದರು. ಅವರ ಕಥೆ ಹಿಡಿದು ಹೋದರೆ ದಾರಿ ತಪ್ಪುತ್ತೀರಿ. ಚಿತ್ರಗಳನ್ನು ನೋಡಿ. ಗೋಡೆಗೆ ನಿಲ್ಲಿಸಿದ ಎತ್ತರದ ಗಡಿಯಾರದ ಒಳಗಿನಿಂದ ಒಬ್ಬ ರಕ್ತಪಿಶಾಚಿ ಹೆಣ್ಣು ಹೊರಗೆ ಬರುತ್ತಾಳೆ. ಒಬ್ಬ ಹುಡುಗಿ ತಣ್ಣನೆಯ ಕಡಲ ತೀರದಲ್ಲಿ ನಡೆಯುತ್ತಾಳೆ. ನಗ್ನತೆ ಜಾಸ್ತಿ ಇದೆ, ಅದು ಇಷ್ಟವಿಲ್ಲದಿದ್ದರೆ ಇವರನ್ನು ಬಿಟ್ಟುಬಿಡಿ.

ಇನ್ನು ಕ್ರಮ. ಮೊದಲು ‘ಬ್ಲಾಕ್ ಸಂಡೇ’ ನೋಡಿ. ಆಮೇಲೆ ‘ದಿ ಸಿಟಿ ಆಫ್ ದಿ ಡೆಡ್’, ಪೂರ್ತಿ ಇರುವ ಪ್ರಿಂಟ್ ಹುಡುಕಿ. ಮೂರನೆಯದು ‘ಮಾರ್ಟಿನ್’. ‘ವಿಚ್‌ಫೈಂಡರ್ ಜನರಲ್’ ನಾಲ್ಕನೆಯದು, ಮನಸ್ಸು ಗಟ್ಟಿ ಇರುವ ದಿನ. ‘ವಾಂಪೈರ್’, ‘ಗಾಂಜಾ ಆ್ಯಂಡ್ ಹೆಸ್’ ನಿಧಾನದ ಸಿನಿಮಾಗಳು, ಅವಸರ ಇಲ್ಲದಾಗ ನೋಡಿ. ಲೈಟ್ ಆರಿಸಿ. ಫೋನ್ ಬೇರೆ ಕೋಣೆಯಲ್ಲಿಡಿ. ಮೊದಲ ಸಲ ಒಬ್ಬರೇ ನೋಡಿ. ಗುಂಪಿನಲ್ಲಿ ಒಬ್ಬರು ನಕ್ಕರೆ ಎಲ್ಲರೂ ನಗುತ್ತಾರೆ, ಆಮೇಲೆ ಯಾರಿಗೂ ಏನೂ ಕಾಣುವುದಿಲ್ಲ.

ಕೊನೆಗೆ 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’. ಎಂಟು ದಿನ ಮೇರಿಲ್ಯಾಂಡಿನ ಕಾಡಿನಲ್ಲಿ ಮೂವರು ನಟರು ಕ್ಯಾಮೆರಾ ತಾವೇ ಹಿಡಿದು ತೆಗೆದ ಸಿನಿಮಾ. ಅವತ್ತು ಏನು ಮಾಡಬೇಕು ಅನ್ನುವುದನ್ನು ನಿರ್ದೇಶಕರು ಚೀಟಿ ಬರೆದು ಇಡುತ್ತಿದ್ದರು. ದಿನದಿನಕ್ಕೆ ಊಟ ಕಡಿಮೆ ಮಾಡಿದರು. ರಾತ್ರಿ ಬಂದು ಡೇರೆ ಅಲುಗಾಡಿಸಿದರು, ಮಕ್ಕಳ ಧ್ವನಿ ಕೇಳಿಸಿದರು. ಶೂಟಿಂಗಿಗೆ ಹೋದದ್ದು ಒಂದು ಲಕ್ಷ ಡಾಲರಿಗೂ ಕಡಿಮೆ. ಜಗತ್ತಿನಲ್ಲೆಲ್ಲ ಗಳಿಸಿದ್ದು ಸುಮಾರು 24.8 ಕೋಟಿ ಡಾಲರ್. ಮಾಟಗಾತಿಯನ್ನು ಒಂದು ಸಲವೂ ತೋರಿಸುವುದಿಲ್ಲ. ಮೊದಲ ಹದಿನೈದು ನಿಮಿಷ ಊರಿನವರು ಕ್ಯಾಮೆರಾ ಮುಂದೆ ನಿಂತು ಏನೇನೋ ಮಾತಾಡುತ್ತಾರೆ. ಬೇಜಾರು ಅನಿಸಬಹುದು. ಆದರೂ ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಿ. ಕೊನೆಯ ಶಾಟಿನಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ, ಅಷ್ಟೇ. ಯಾಕೆ ಹಾಗೆ ನಿಂತಿದ್ದಾನೆ ಅನ್ನುವುದು ಆ ಮಾತುಗಳಲ್ಲೇ ಇದೆ.